ಹುಳು ಮನೆಯ ಸೊಟ್ಟ ನಲ್ಲಿ

ಕೆಂಚಾರ್ಲಹಳ್ಳಿ ಮುನಿಶಾಮಪ್ಪನ ರೇಷ್ಮೆ ಹುಳು ಮನೆ ನಲ್ಲಿ ಯಾವತ್ತಿಂದ ಸೋರ್ತಿತ್ತು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೋರಿದ ನೀರಿಗೆ ಅಲ್ಲೇ ಒಂದು ನುಗ್ಗೆ ಗಿಡ ತಾನಾಗೇ ಹುಟ್ಟಿ, ಮರ ಆಗಿ, ಕಾಯಿ ಬಿಟ್ಟು, ಆ ಕಾಯಿ ಸಾರು ಉಂಡು ಬೆಳೆದ ಹುಡುಗಿಗೆ ಹೋದ ವರ್ಷ ಚಿಂತಾಮಣೀಲಿ ಮದುವೆ ಆಯ್ತು ಅಂತಾರೆ. ಇದು ಸ್ವಲ್ಪ ಹೆಚ್ಚಾಯ್ತು ಅನ್ನೋರು ಇದಾರೆ. ಮದುವೆ ಊಟ ಉಂಡೋರೂ ಇದಾರೆ.

ಮುನಿಶಾಮಪ್ಪ ಮಾತ್ರ ಅದನ್ನ ಸೋರೋದು ಅಂತ ಯಾವತ್ತೂ ಒಪ್ಪಿದೋನಲ್ಲ. "ಬೆವರ್ತದೆ ಅಷ್ಟೇ. ನಲ್ಲಿ ಅಂದ್ಮೇಲೆ ಬೆವರಲ್ವಾ?" ಅಂತಿದ್ದ. ಬೆವರು ಒರೆಸೋಕೆ ಅಂತ ಹತ್ತು ವರ್ಷದಲ್ಲಿ ಅದರ ಕತ್ತಿಗೆ ಹಳೇ ಪಂಚೆ ಅಂಚು ಸುತ್ತಿದ್ದ. ಅದರ ಮೇಲೆ ಸೈಕಲ್ ಟ್ಯೂಬು. ಅದರ ಮೇಲೆ ಗೋಣಿ ದಾರ, ಆಮೇಲೆ ಆಲದ ಮರದ ಹಾಲು, ಒಂದ್ಸಲ ಬಸ್ಸಿನ ಸೀಟಿಗೆ ಅಂಟಿಕೊಂಡಿದ್ದ ಬಬಲ್ ಗಮ್ಮು. ಕೊನೆಕೊನೆಗೆ ಆ ನಲ್ಲಿ ಮಂಗನಬಾವು ಬಂದೋರ ಥರ ಕಾಣ್ತಿತ್ತು.

ಈಚೆಗಂತೂ ಅದು ಯಾರಿಗೂ ತೊಂದ್ರೆ ಕೊಟ್ಟಿರ್ಲಿಲ್ಲ. ಯಾಕಂದ್ರೆ ಹುಳು ಮನೇಲಿ ಮೂರು ವರ್ಷದಿಂದ ಹುಳಾನೇ ಇರ್ಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳೆ ಪೂರ್ತಿ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಥಂಡಿ, ತೇವ ಜಾಸ್ತಿ ಆದ್ರೆ ಬರೋ ರೋಗ ಅದು. ಗೂಡು ಕಟ್ಟೋಕೆ ಎರಡು ದಿನ ಇದ್ದಂಗೆ ಹುಳ ಎಲ್ಲಾ ಬೆಳ್ಳಗೆ ಸೆಟೆದು ಸೀಮೆಸುಣ್ಣದ ಕಡ್ಡಿ ಆಗೋದ್ವು. ಮುನಿಶಾಮಪ್ಪನ ಹೆಂಡ್ತಿ ವರಲಕ್ಷ್ಮಮ್ಮ ಮಂಕರಿ ಮಂಕರಿ ಹೊತ್ತು ಗುಂಡಿಗೆ ಹಾಕಿ, ಮಣ್ಣು ಮುಚ್ಚಿ, ಸೀದಾ ಬಂದು ಜಗುಲಿ ಮೇಲೆ ಕೂತ್ಕೊಂಡ್ಳು. ಅವತ್ತಿಂದ ಹುಳು ಮನೆ ಹೊಸಿಲು ತುಳಿದಿಲ್ಲ.

ಸೊಸೆ ಶೋಭಾರಾಣಿ ಶಿಡ್ಲಘಟ್ಟದೋಳು. ತವರಲ್ಲಿ ಗೂಡು ಬೇಯಿಸಿ ನೂಲು ತೆಗೆಯೋ ಕೆಲಸ. ಹುಟ್ಟಿದಾಗಿಂದ ಗೂಡಿನ ವಾಸನೆ ಮೂಗಲ್ಲೇ ಇತ್ತು. ಗಂಡ ಗಂಗಾಧರ್ ಗೌರಿಬಿದನೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಭಾನುವಾರ ಬರೋನು. ಉಳಿದ ಆರು ದಿನಾನೂ ಬಾಗಿಲು ಹಾಕಿದ ಹುಳು ಮನೆ ನೋಡ್ಕೊಂಡು ಇರೋಕೆ ಅವಳ ಕೈಲಿ ಆಗ್ಲಿಲ್ಲ. ಒಂದಿನ ಮಾವನ ಮುಂದೆ ಕಾಫಿ ಇಟ್ಟು ಕೇಳೇಬಿಟ್ಳು.

"ಮಾವ, ಒಂದೇ ಒಂದು ಬೆಳೆ. ನಾನೇ ನೋಡ್ಕೊತೀನಿ."

ಮುನಿಶಾಮಪ್ಪ ಕಾಫಿ ಪೂರ್ತಿ ಕುಡಿದು ಮುಗಿಸಿದ. "ಒಂದೇ ಕಣಮ್ಮ. ಕೈ ಹತ್ತಿದ್ರೆ ಹುಳು ಮನೆ ನಿಂದು, ನಾನು ಆ ಕಡೆ ತಲೆ ಹಾಕಲ್ಲ. ಕೆಟ್ಟೋಯ್ತು ಅಂದ್ರೆ ಕುರಿ ಕಟ್ತೀನಿ. ಆಮೇಲೆ ಅಳ್ಬಾರ್ದು."

ಇದು ಬರೀ ಬಾಯಿ ಮಾತಲ್ಲ. ಕುರಿ ಮಾರೋನು ಒಂದು ಟಗರು ಹಿಡ್ಕೊಂಡು ಬಂದು ಜಾಗ ನೋಡಿ ಹೋಗಿದ್ದ. ಟಗರೂ ಒಳಗೆ ಹೋಗಿ, ಗಾಳಿ ಬೆಳಕು ನೋಡಿ, ಬಾಗಿಲಿಗೆ ಎರಡು ಸಲ ಗುದ್ದಿ, ಗಟ್ಟಿ ಐತೆ ಅನ್ನೋ ಥರ ತಲೆ ಆಡಿಸಿತ್ತು.

ಶೋಭಾರಾಣಿ ಹುಳು ಮನೆ ತೊಳೆದ್ಳು, ಸುಣ್ಣ ಬಳಿದ್ಳು, ಚಾಕಿ ಹುಳ, ಅಂದ್ರೆ ಎಳೇ ಮರಿ ಹುಳ, ತಂದ್ಳು. ಹುಳ ಪೊರೆ ಬಿಡೋ ಮುಂಚೆ ಮೇವು ಬಿಟ್ಟು ತಲೆ ಎತ್ಕೊಂಡು ಸುಮ್ನೆ ಕೂರುತ್ತಲ್ಲ, ಅದಕ್ಕೆ ಈ ಕಡೆ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹಂಗೇ ನಾಲ್ಕೂ ಜ್ವರ ಚೆನ್ನಾಗಿ ಎದ್ದು, ಕಾರ್ತಿಕ ಮಾಸದ ಹೊತ್ತಿಗೆ ಹುಳ ಕಿರುಬೆರಳು ದಪ್ಪ ಆಗಿದ್ವು. ಅವು ಸೊಪ್ಪು ಮೇಯೋ ಸದ್ದು ಹೆಂಗಿತ್ತು ಅಂದ್ರೆ, ಮಳೆ ಬಂತು ಅಂದ್ಕೊಂಡು ಮುನಿಶಾಮಪ್ಪ ಅಂಗಳದಲ್ಲಿ ಒಣಗಾಕಿದ್ದ ರಾಗೀನ ಎರಡು ಸಲ ಒಳಗೆ ಎತ್ತಿಟ್ಟಿದ್ದ. ಇನ್ನೈದು ದಿನ ಕಳೆದ್ರೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಹತ್ತುತ್ವೆ.

ಆ ಸೋಮವಾರ ಬೆಳಗ್ಗೆ ಸೊಪ್ಪು ಹಾಕೋಕೆ ಒಳಗೆ ಹೋದ ಶೋಭಾರಾಣಿ ಗೋಡೆ ನೋಡಿ ನಿಂತ್ಬಿಟ್ಳು. ನಲ್ಲಿ ಇದ್ದಿದ್ದು ಹೊರಗಡೆ, ಬಾಗಿಲ ಪಕ್ಕದ ಗೋಡೇಲಿ, ಕೈಕಾಲು ತೊಳೆಯೋಕೆ ಅಂತ. ಆದ್ರೆ ಅದು ಬೆವರಿದ ನೀರು ಗೋಡೆ ಒಳಗೇ ಇಳಿದು, ಈಚೆ ಕಡೆ ಎಮ್ಮೆ ಮಲಗಿದಷ್ಟು ಅಗಲ ಥಂಡಿ ಹಿಡ್ಸಿತ್ತು. ಆ ಥಂಡಿ ಪಕ್ಕದಲ್ಲೇ ಹುಳ ಮೇಯೋ ಅಟ್ಟಣೆಯ ಕೆಳಗಿನ ಅಂತಸ್ತು. ಅಲ್ಲಿ ಒಂದು ಹುಳ ಮೇವು ಮುಟ್ಟದೆ, ತಲೆ ಎತ್ಕೊಂಡು, ಅಲ್ಲಾಡದೆ ಕೂತಿತ್ತು.

ಜ್ವರ ಎಲ್ಲಾ ಮುಗಿದಿರೋದ್ರಿಂದ, ಇದು ಸುಣ್ಣಕಟ್ಟೇ ಅಂದ್ಕೊಂಡ್ಳು ಅವಳು. ಆ ಹುಳಾನ ಕಡ್ಡೀಲಿ ಎತ್ತಿ ಬೇರೆ ಮೊರಕ್ಕೆ ಹಾಕಿ ಹೊರಗಿಟ್ಳು. ಗೋಡೆ ಬುಡಕ್ಕೆ ಸುಣ್ಣದ ಪುಡಿ ಉದುರಿಸಿದ್ಳು. ಪುಡಿ ಬಿದ್ದಲ್ಲೇ ಗಂಜಿ ಆಗೋಯ್ತು.

"ಮಾವ! ನಲ್ಲಿ ಇವತ್ತೇ ರಿಪೇರಿ ಆಗ್ಬೇಕು!"

"ರಿಪೇರಿ ಆಗೇ ಐತಲ್ಲಮ್ಮ. ಎಷ್ಟು ಸುತ್ತಿದೀನಿ ನೋಡು."

"ನೀವು ಸುತ್ತಿರೋದ್ರಲ್ಲಿ ಒಂದು ಹಾಸಿಗೆ ಮಾಡ್ಬೋದು ಮಾವ. ನೀರು ಮಾತ್ರ ನಿಲ್ಲಲ್ಲ."

ವಾಲ್ವು ಮುಚ್ಚಿಬಿಡಣ ಅಂದ್ರೆ ಅದೂ ಕಷ್ಟ. ಒಂದು ಟ್ಯಾಂಕು, ಒಂದು ಪೈಪು, ಒಂದೇ ವಾಲ್ವು. ಮುಚ್ಚಿದ್ರೆ ಅಡುಗೆ ಮನೇಗೂ ನೀರಿಲ್ಲ, ಹಸು ತೊಟ್ಟಿಗೂ ಇಲ್ಲ. ಪ್ಲಾನು ಮುನಿಶಾಮಪ್ಪಂದೇ. ಒಂದೆರಡು ಗಂಟೆ ಮುಚ್ಚಬೋದು, ಐದು ದಿನ ಆಗಲ್ಲ.

ಶೋಭಾರಾಣಿ ಫೋನ್ ಮಾಡಿದ್ದಕ್ಕೆ ಚಿಂತಾಮಣಿ ಪ್ಲಂಬರ್ ಚಿರಂಜೀವಿ ಹತ್ತು ಗಂಟೆಗೆಲ್ಲಾ ಮೊಪೆಡ್ಡಲ್ಲಿ ಬಂದ. ಇಪ್ಪತ್ತು ವರ್ಷದ ಅನುಭವದೋನು, ಖುಷಿ ಆದ್ರೂ ಗಾಬರಿ ಆದ್ರೂ ಬಾಯಿಗೆ ತೆಲುಗು ಬಂದ್ಬಿಡೋದು. ಗಂಟಲು ಎಷ್ಟು ದೊಡ್ಡದು ಅಂದ್ರೆ, ಚಿಂತಾಮಣೀಲಿ ಅವನು ಟೀ ಹೇಳಿದ್ರೆ ಕೈವಾರದಲ್ಲಿ ಹಾಲು ಕಾಯೋಕೆ ಇಡ್ತಾರೆ. ಅವನು ಇನ್ನೇನು ಬೇಲಿ ಗೇಟು ತೆಗೀಬೇಕು, ಶೋಭಾರಾಣಿ ಕೂಗಿದ್ಳು.

"ಅಲ್ಲೇ ನಿಲ್ಲಪ್ಪ! ನಿನ್ನೆ ಯಾರ ಮನೆ ಕೆಲಸ?"

"ಕೈವಾರದ ಹತ್ರ ಅಕ್ಕ. ಕೊಂಡಮ್ಮನೋರ ಮನೆ."

"ಅವರೂ ಹುಳ ಮೇಯಿಸ್ತಾರಲ್ವಾ? ಹೆಂಗಿದಾವೆ?"

ಚಿರಂಜೀವಿ ತಲೆ ಕೆರ್ಕೊಂಡ. ಸುಳ್ಳು ಹೇಳೋ ಮನುಷ್ಯ ಅಲ್ಲ. "ಸುಣ್ಣ ಕಟ್ಟಿದಾವೆ ಅಕ್ಕ."

ಅಲ್ಲಿಗೆ ಮುಗೀತು. ರೋಗ ಬಂದ ಹುಳು ಮನೆ ಮೆಟ್ಟಿ ಬಂದೋನನ್ನ ಇನ್ನೊಂದು ಹುಳು ಮನೆ ಬೇಲಿ ದಾಟಿಸೋ ಪದ್ಧತಿ ಈ ಸೀಮೇಲೇ ಇಲ್ಲ. ಹಣ್ಣಾಗೋ ಹುಳ ಇರೋ ಮನೆಗೆ ಹೆಣ್ಣು ಕೊಟ್ಟ ಬೀಗರು ಬಂದ್ರೂ ರೋಡಲ್ಲೇ ನಿಲ್ಲಿಸಿ, ಮಜ್ಜಿಗೆ ಕೊಟ್ಟು ಕಳಿಸ್ತಾರೆ. ಚಿರಂಜೀವೀಗೂ ಅದು ಗೊತ್ತು. ಒಂದು ಹೆಜ್ಜೆ ಹಿಂದಕ್ಕೇ ಇಟ್ಟ.

"ಹಂಗಾದ್ರೆ ನೀನೇ ಮಾಡಕ್ಕ. ಇಲ್ಲಿಂದಾನೇ ಹೇಳ್ತೀನಿ. ಟೆಫ್ಲಾನ್ ಟೇಪು ಸುತ್ತೋದು, ನಲ್ಲಿ ಕೂರ್ಸೋದು, ಅಷ್ಟೇ. ಮಲ್ಲಿಗೆ ಹೂವು ಮುಡಿಯೋಷ್ಟು ಸಲೀಸು."

"ಫೋನಲ್ಲಿ ಹೇಳಪ್ಪ, ಕಿವಿಗಿಟ್ಕೊಂಡು ಮಾಡ್ತೀನಿ."

"ಬೇಡ ಕಣಮ್ಮ," ಅಂದ ಮುನಿಶಾಮಪ್ಪ. "ಕಣ್ಣಿಗೆ ಕಾಣೋ ಮನುಷ್ಯಂಗೆ ಫೋನ್ ಮಾಡೋದು ಮರ್ಯಾದೆ ಅಲ್ಲ."

ಚಿರಂಜೀವಿ ಟೇಪಿನ ಸುರುಳಿ ಬೇಲಿ ಮೇಲಿಂದ ಎಸೆದ. ಮುನಿಶಾಮಪ್ಪ ಅದನ್ನ ಕೈಯಲ್ಲಿ ಮುಟ್ಟದೆ, ಸೌದೆ ಒಲೆ ಇಕ್ಕಳದಲ್ಲಿ ಹಿಡಿದು, ಬ್ಲೀಚಿಂಗ್ ಪುಡಿ ನೀರಲ್ಲಿ ಮೂರು ಸಲ ಅದ್ದಿ, ಬಿಸಿಲಿಗೆ ಇಟ್ಟ. ಬೆಳ್ಳಗೆ, ತೆಳ್ಳಗೆ, ರಿಬ್ಬನ್ ಥರ ಇದ್ದ ಆ ಟೇಪು ಮೊದಲೇ ನೀರಿಗೆ ಹೆದರೋದಲ್ಲ. ಹಂಗೇ ಒಣಗ್ತು.

ಶೋಭಾರಾಣಿ ವಾಲ್ವು ಮುಚ್ಚಿದ್ಳು. ಪೈಪಲ್ಲಿ ಉಳಿದಿದ್ದ ನೀರನ್ನ ಬಕೆಟ್ಟಿಗೆ ಬಿಟ್ಟು, ಮಾವನ ಹತ್ತು ವರ್ಷದ ಕೈಚಳಕಾನೆಲ್ಲಾ ಒಂದೊಂದೇ ಪದರ ಬಿಚ್ಚಿದ್ಳು. ಪಂಚೆ ಅಂಚು ಕಂಡಾಗ ಮುನಿಶಾಮಪ್ಪ, "ಇದು ನಮ್ಮ ಮದುವೇದು," ಅಂದು ತಗೊಂಡು ಜೇಬಿಗಿಟ್ಕೊಂಡ. ಆಮೇಲೆ ಅವಳು ಪಾನಾ ಹಾಕಿ ನಲ್ಲಿ ತಿರುಗಿಸಿ ಬಿಚ್ಚಿ, ಅದರ ತಿರುಪಿನ ಗೆರೇಲಿ ಇದ್ದ ತುಕ್ಕು, ಕೊಳೆ ಎಲ್ಲಾ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಬಟ್ಟೇಲಿ ಒರೆಸಿದ್ಳು.

"ಈಗ ನನ್ನನ್ನೇ ನೋಡಕ್ಕ!" ಅಂತ ಚಿರಂಜೀವಿ ತನ್ನ ಚೀಲದಿಂದ ಇನ್ನೊಂದು ನಲ್ಲಿ ತೆಗೆದ. ಪ್ಲಂಬರ್‌ಗಳು ಹಿಡಿಯೋ ಹಂಗೆ ತಿರುಪಿರೋ ತುದೀನ ತನ್ನ ಮುಖದ ಕಡೆ ಹಿಡ್ಕೊಂಡ. "ಹಿಂಗೆ ಸುತ್ತು! ಬಲಗಡೆಗೆ! ಬಿಗಿಯಾಗಿ ಎಳ್ಕೊಂಡು! ಆರೇಳು ಸುತ್ತು!"

ಶೋಭಾರಾಣಿ ನಿಂತಿದ್ದು ಅರವತ್ತಡಿ ಈಚೆ, ಅವನ ಎದುರಿಗೆ. ಅವಳೂ ನಲ್ಲಿ ತುದೀನ ತನ್ನ ಮುಖದ ಕಡೆ ಹಿಡ್ಕೊಂಡು, ಅವನ ಕೈ ಹೆಂಗೆ ತಿರುಗ್ತಾ ಕಾಣ್ತೋ ಹಂಗೇ ಸುತ್ತೋಕೆ ಹತ್ತಿದ್ಳು.

ಅಷ್ಟೊತ್ತಿಗೆ ಚಿಂತಾಮಣಿ ಬಸ್ಸು ಬಂತು. ಪ್ಲಂಬರ್ ಗಂಟಲಿಗೆ ಡ್ರೈವರ್ ಯಾರೋ ಕೈ ಅಡ್ಡ ಹಾಕಿದ್ರು ಅಂದ್ಕೊಂಡು ಬ್ರೇಕ್ ಹಾಕಿದ. ಐವತ್ತು ಜನ ಕಿಟಕೀಲಿ ತಲೆ ಹಾಕಿದ್ರು. ವಿಷಯ ತಿಳೀತು. ಇಳಿಯೋರು ಇಳೀಲಿಲ್ಲ, ಹತ್ತೋರು ಹತ್ಲಿಲ್ಲ.

"ಬಲಗಡೆ ಅಂದ್ರೆ ಯಾವ ಬಲಗಡೆನಪ್ಪ?" ಅಂದ ಕಂಡಕ್ಟರ್. "ಗುಂಡಗಿರೋದಕ್ಕೆ ಬಲ ಎಲ್ಲಿ, ಎಡ ಎಲ್ಲಿ? ಮೇಲೆ ಬಲಕ್ಕೆ ಹೋದ್ರೆ ಕೆಳಗೆ ಎಡಕ್ಕೆ ಬರುತ್ತೆ."

"ಅದೂ ನಿಜಾನೇ," ಅಂದ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಸ್ಟೇರಿಂಗ್ ತಿರುಗಿಸ್ತಿದ್ದ ಮನುಷ್ಯ, ಒಂದ್ನಿಮಿಷ ತನ್ನ ಕೈಯನ್ನೇ ನೋಡ್ಕೊಂಡ.

ಕೈವಾರಕ್ಕೆ ಹೊರಟಿದ್ದ ಅಜ್ಜಿ ಒಬ್ಳು, "ಗೋಂದು ಹಚ್ಚಮ್ಮ ತಾಯಿ!" ಅಂದ್ಳು. ಯಾರೋ ಸುಣ್ಣ ಬೆಲ್ಲ ಅಂದ್ರು. ಆದ್ರೂ ಎಲ್ಲರೂ ಗಾಳೀಲಿ ಒಂದೊಂದು ನಲ್ಲಿ ಹಿಡ್ಕೊಂಡು ಸುತ್ತಿ ತೋರಿಸ್ತಿದ್ರು. ಐವತ್ತು ಕೈ ಒಂದೇ ಸಮ ತಿರುಗಿ, ರೋಡ್ ಪಕ್ಕದ ಧೂಳೆಲ್ಲಾ ಎದ್ದು ಪೆರೇಸಂದ್ರದ ಕಡೆ ಹೋಯ್ತು.

"ಸರಿಯಾಗಿದೆ ಅಕ್ಕ! ಅದೇ ಥರ!" ಚಿರಂಜೀವಿ ಹೇಳ್ದ. ಅವನ ಕಣ್ಣಿಗೆ ಅವಳ ಕೈ ತಿರುಗೋದು ತನ್ನ ಕೈ ಥರಾನೇ ಕಾಣ್ತಿತ್ತು. ಗಡಿಯಾರಾನ ಹಿಂದುಗಡೆಯಿಂದ ನೋಡಿದ್ರೆ ಮುಳ್ಳು ಉಲ್ಟಾ ಹೋಗುತ್ತೆ ಅನ್ನೋದು ಇಬ್ಬರಿಗೂ ಹೊಳೀಲಿಲ್ಲ, ಐವತ್ತು ಜನ ಇದ್ದ ಬಸ್ಸಿಗೂ ಹೊಳೀಲಿಲ್ಲ.

ಶೋಭಾರಾಣಿ ಸುತ್ತಿದ್ದು ನೋಡೋಕೆ ಬಲು ಚೆಂದ ಇತ್ತು. ನೂಲಿನ ಮನೆ ಮಗಳ ಕೈ. ಟೇಪು ಒಂದೆಳೆ ಆಚೀಚೆ ಇಲ್ಲದಂಗೆ ಕೂತಿತ್ತು. ನಲ್ಲೀನ ಗೋಡೆ ಬಾಯಿಗಿಟ್ಟು ತಿರುಗಿಸೋಕೆ ಶುರು ಮಾಡಿದ್ಳು. ಒಂದು ಸುತ್ತು ಹೋಯ್ತು. ಎರಡನೇ ಸುತ್ತಿಗೆ ಟೇಪಿನ ತುದಿ ಈಚೆಗೆ ಇಣುಕ್ತು. ಮೂರನೇದಕ್ಕೆ, ಅವಳು ಒಳಗೆ ತಿರುಗಿಸಿದಷ್ಟೂ ಟೇಪು ಹೊರಗೆ ಬಿಚ್ಕೊಂಡು ಬರೋಕೆ ಹತ್ತಿತು, ಹಣ್ಣಾದ ಹುಳ ಬಾಯಿಂದ ನೂಲು ಬಿಟ್ಟ ಹಂಗೆ. ವಾಲ್ವು ತೆಗೆದ್ರೆ, ಇಷ್ಟು ದಿನ ಬೆವರ್ತಿದ್ದ ನಲ್ಲಿ ಈಗ ಪಿಚಕಾರಿ ಹೊಡೀತು. ಅವಳ ಮುಖ, ಸೆರಗು, ಪಕ್ಕದಲ್ಲಿದ್ದ ಮಾವನ ಮೀಸೆ, ಎಲ್ಲಾ ನೆಂದೋಯ್ತು.

ಬಸ್ಸಲ್ಲಿ ಎಲ್ಲರೂ "ಅಯ್ಯೋ" ಅಂದ್ರು. ಡ್ರೈವರ್ ಬೇಜಾರಲ್ಲಿ ಗೇರ್ ಹಾಕ್ಕೊಂಡು ಹೊರಟೋದ.

ಮುನಿಶಾಮಪ್ಪ ಓಡಿ ವಾಲ್ವು ಮುಚ್ಚಿ ಬಂದು ಮೀಸೆ ಹಿಂಡ್ಕೊಂಡ. ಫೋನ್ ಬಡ್ಕೊಂತು. ಆ ಕಡೆಯಿಂದ ಕುರಿ ಮಾರೋನು. ಮುನಿಶಾಮಪ್ಪ, "ಹೂಂ... ಸಾಯಂಕಾಲ ಹೇಳ್ತೀನಿ ಇರಪ್ಪ," ಅಂದು ಇಟ್ಟ. ಹಿಂದುಗಡೆ ಟಗರು ಕೆಮ್ಮಿದ್ದು ಶೋಭಾರಾಣಿಗೂ ಕೇಳ್ತು.

"ಕೆಟ್ಟೋದ್ರೆ ತಾನೇ ಕುರಿ ಅಂದಿದ್ದು ಮಾವ. ಇನ್ನೂ ಕೆಟ್ಟಿಲ್ಲ."

"ಗೋಡೆ ನೋಡಮ್ಮ. ಹೋದ ಸಲಾನೂ ಹಿಂಗೇ ಶುರು ಆಗಿದ್ದು." ಅವನ ದನೀಲಿ ಗೆದ್ದ ಖುಷಿ ಇರ್ಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಸಂಕಟ ಆಯ್ತು.

ಅವಳು ನಲ್ಲಿ ಬಿಚ್ಚಿ, ಕಿತ್ತೋದ ಟೇಪೆಲ್ಲಾ ಬಳಿದು ತೆಗೆದು, ಜಗುಲಿ ಮೆಟ್ಟಿಲ ಮೇಲೆ ಬಂದು ಕೂತ್ಳು. ಜಗುಲಿ ಮೇಲೆ ವರಲಕ್ಷ್ಮಮ್ಮ ಬತ್ತಿ ಹೊಸೀತಿದ್ಳು. ಕಾರ್ತಿಕ ಸೋಮವಾರ. ಬೆಳಗ್ಗೇನೇ ಅಶ್ವತ್ಥ ಕಟ್ಟೆಗೆ ಹೋಗಿ, ಮರಕ್ಕೆ ಅರಿಶಿನದ ನೂಲು ಸುತ್ತಿ ಬಂದಿದ್ಳು. ಮಿಕ್ಕಿದ್ದ ನೂಲಿನ ಉಂಡೆ ಪಕ್ಕದಲ್ಲೇ ಇತ್ತು. ಬೆಳಗ್ಗೆಯಿಂದ ಈ ರಾಮಾಯಣ ಎಲ್ಲಾ ಓರೆಗಣ್ಣಲ್ಲಿ ನೋಡ್ತಾನೇ ಇದ್ಳು.

ಶೋಭಾರಾಣಿ ನಲ್ಲೀನ ತುದಿ ಮೇಲಾಗಿ ನೆಟ್ಟಗೆ ಹಿಡ್ಕೊಂಡು, ತಾನು ಸುತ್ತಿದ್ದು ಹೆಂಗೆ ಅಂತ ಬೆರಳಲ್ಲೇ ಸುಮ್ನೆ ಮತ್ತೆ ಸುತ್ತಿ ನೋಡಿದ್ಳು.

"ಅಪ್ರದಕ್ಷಿಣೆ ಹಾಕಿದ್ರೆ ಯಾವ ದೇವ್ರೇ ನಿಲ್ತಾನೆ?" ಅಂದ್ಳು ವರಲಕ್ಷ್ಮಮ್ಮ, ಬತ್ತಿಯಿಂದ ಕಣ್ಣು ತೆಗೀದೆ.

"ಏನತ್ತೆ?"

"ಅದನ್ನ ಮರ ಅಂದ್ಕೊ ಕಣೇ. ತಿರುಪಿನ ತುದಿ ಮರದ ತಲೆ. ನೀನು ಮರಾನ ಎಡಗೈ ಕಡೆ ಬಿಟ್ಕೊಂಡು ಸುತ್ತು ಬರ್ತಿದೀಯ. ಹಂಗೆ ಯಾರಾದ್ರೂ ಕಟ್ಟೆ ಸುತ್ತುತಾರಾ? ಪೂಜಾರಪ್ಪ ಬೈಯಲ್ವಾ?"

ಶೋಭಾರಾಣಿ ನಲ್ಲೀನೇ ನೋಡಿದ್ಳು. ಕಣ್ಣಲ್ಲೇ ಒಂದು ಸಣ್ಣ ಮನುಷ್ಯನ್ನ ಆ ಹಿತ್ತಾಳೆ ಮರದ ಸುತ್ತ ನಡೆಸಿದ್ಳು, ಮರ ಬಲಗೈ ಕಡೆ ಬರೋ ಹಂಗೆ. ಆಮೇಲೆ ನಲ್ಲೀನ ಗೋಡೆಗೆ ತಿರುಗಿಸೋದು ಯಾವ ಕಡೆಗೆ ಅಂತ ಯೋಚನೆ ಮಾಡಿದ್ಳು. ತಿರುಗಿಸೋವಾಗ ಗೋಡೆ ಬಾಯಿ ಟೇಪನ್ನ ಉಜ್ಜುತ್ತೆ. ಸರಿಯಾಗಿ ಸುತ್ತಿದ್ರೆ ಉಜ್ಜಿದಷ್ಟೂ ಬಿಗಿಯಾಗುತ್ತೆ. ತನ್ನ ಥರ ಸುತ್ತಿದ್ರೆ ಉಜ್ಜಿದಷ್ಟೂ ಬಿಚ್ಚುತ್ತೆ. ಬಲ ಎಡದ ತಕರಾರೇ ಇಲ್ಲ. ಯಾವ ಊರಿನೋರು, ಯಾವ ಕಡೆ ಮುಖ ಮಾಡ್ಕೊಂಡು ನಿಂತ್ರೂ ಪ್ರದಕ್ಷಿಣೆ ಮಾತ್ರ ಒಂದೇ.

ಅವಳು ಎದ್ದು ಕೂಗಿದ್ಳು. "ಚಿರಂಜೀವೀ! ಟೇಪು ಪ್ರದಕ್ಷಿಣೇನಾ, ಅಪ್ರದಕ್ಷಿಣೇನಾ?"

ಬೇಲಿ ಹತ್ರ ಮೊಪೆಡ್ ಮೇಲೆ ಮಂಕಾಗಿ ಕೂತಿದ್ದ ಚಿರಂಜೀವಿ ತನ್ನ ನಲ್ಲೀನ ನೆಟ್ಟಗೆ ಹಿಡ್ಕೊಂಡು ಗಾಳೀಲಿ ಸುತ್ತಿ ನೋಡ್ದ. ಇನ್ನೊಂದ್ಸಲ ಸುತ್ತಿದ. ಮುಖ ಅರಳ್ತು.

"ಅವುನಕ್ಕಾ, ಹೌದು, ಪ್ರದಕ್ಷಿಣೇನೇ! ಇಪ್ಪತ್ತು ವರ್ಷದಿಂದ ದಿನಾ ಹಾಕ್ತಿದೀನಿ, ನಂಗೇ ಗೊತ್ತಿರ್ಲಿಲ್ಲ! ಎಷ್ಟು ಪುಣ್ಯ ಬಂದಿರ್ಬೋದು ನೋಡು!"

"ಪುಣ್ಯ ಆಮೇಲೆ ಲೆಕ್ಕ ಹಾಕೋ," ಅಂದ ಮುನಿಶಾಮಪ್ಪ. "ಎಷ್ಟು ಸುತ್ತು, ಅದು ಹೇಳು."

"ಆರೋ ಏಳೋ ಅಣ್ಣ!"

"ಏಳು," ಅಂದ್ಳು ವರಲಕ್ಷ್ಮಮ್ಮ. "ಸರಿ ಸಂಖ್ಯೆ ಬೇಡ."

ಈ ಸಲ ಶೋಭಾರಾಣಿ ಯಾರ ಕೈಯನ್ನೂ ನೋಡ್ಲಿಲ್ಲ. ತುದಿ ಮೇಲೆ ಮಾಡಿ ನಲ್ಲಿ ಹಿಡಿದ್ಳು. ತುದೀಲಿ ಒಂದು ಗೆರೆ ಬಿಟ್ಟು, ಟೇಪಿನ ಮೊದಲನ್ನ ಹೆಬ್ಬೆರಳಲ್ಲಿ ಅದುಮಿ, ಮೆಲ್ಲಗೆ ಎಳೀತಾ, ಅರ್ಧದ ಮೇಲೆ ಅರ್ಧ ಬರೋ ಹಂಗೆ ಏಳು ಪ್ರದಕ್ಷಿಣೆ ಹಾಕಿದ್ಳು. ಎಳೆದು ಕಿತ್ತು, ತುದೀನ ಉಗುರಲ್ಲಿ ಗೆರೆ ಒಳಗೆ ಒತ್ತಿದ್ಳು. ಟೇಪು ತಿರುಪಿಗೆ ಚರ್ಮದ ಥರ ಅಂಟ್ಕೊಂತು. ಮೊದಲು ಬರಿ ಕೈಯಲ್ಲಿ ತಿರುಗಿಸಿದ್ಳು. ಟೇಪು ಹೊರಗೆ ಇಣುಕ್ಲಿಲ್ಲ. ಕೈಗೆ ಬಿಗಿ ಆದ್ಮೇಲೆ ಪಾನಾ ಹಾಕಿದ್ಳು. ಒಂದು ಸುತ್ತು. ಇನ್ನೂ ಸ್ವಲ್ಪ. ಇನ್ನೊಂಚೂರು. ನಿಲ್ತು.

ನಿಲ್ಲೋದೇನೋ ನಿಲ್ತು. ಆದ್ರೆ ನಲ್ಲಿ ಬಾಯಿ ನೆಲದ ಕಡೆ ನೋಡೋ ಬದಲು ಎಡಗಡೆ ತಿರುಗಿ, ಹಸು ಕೊಟ್ಟಿಗೆ ನೋಡ್ತಿತ್ತು.

"ಸೊಟ್ಟ ಆಯ್ತಲ್ಲಮ್ಮ," ಅಂದ ಮುನಿಶಾಮಪ್ಪ. "ಕಾಲು ಸುತ್ತು ಹಿಂದಕ್ಕೆ ತಿರುಗಿಸು, ನೆಟ್ಟಗೆ ಬರುತ್ತೆ."

ಬೇಲಿಯಿಂದ ಗುಡುಗು ಬಂತು. "ಅಕ್ಕಾ, ವೆನಕ್ಕಿ ತಿಪ್ಪೊದ್ದು! ಹಿಂದಕ್ಕೆ ತಿರುಗಿಸ್ಬೇಡ! ಒಂದು ಕೂದಲೆಳೆ ಹಿಂದಕ್ಕೆ ಬಂದ್ರೂ ಟೇಪು ಸಡಿಲ ಆಗುತ್ತೆ, ಮತ್ತೆ ಮೊದಲಿಂದ ಸುತ್ತಬೇಕು!"

"ಮನೆ ಮುಂದೆ ಸೊಟ್ಟ ನಲ್ಲಿ ಇದ್ರೆ ಜನ ಏನಂತಾರೆ?" ಮುನಿಶಾಮಪ್ಪ ಪಾನಾಕ್ಕೆ ಕೈ ಹಾಕಿದ. ಹತ್ತು ವರ್ಷ ಮಂಗನಬಾವು ನಲ್ಲಿ ಇಟ್ಕೊಂಡಿದ್ದ ಮನುಷ್ಯ.

ಶೋಭಾರಾಣಿ ಪಾನಾ ಬಿಡ್ಲಿಲ್ಲ. ಮಾವನ ಮುಂದೆ ಇಷ್ಟು ವರ್ಷದಲ್ಲಿ ದನಿ ಏರಿಸಿದೋಳಲ್ಲ, ಈಗಲೂ ಏರಿಸ್ಲಿಲ್ಲ. "ಬೇಡ ಮಾವ. ಸೊಟ್ಟಗೇ ಇರ್ಲಿ. ಹುಳ ನೆಟ್ಟಗಿದ್ರೆ ಸಾಕು."

ಮುನಿಶಾಮಪ್ಪ ಕೈ ತೆಗೆದ. ತಾನೇ ಹೋಗಿ ವಾಲ್ವು ತೆಗೆದು ಬಂದ.

ಪೈಪಲ್ಲಿ ನೀರು ಗೊರಗುಟ್ಟಿ ಬಂತು. ಶೋಭಾರಾಣಿ ಒಂದು ಹಿಡಿ ಒಣ ಸುಣ್ಣದ ಪುಡಿ ತಗೊಂಡು ನಲ್ಲಿ ಕತ್ತಿನ ಸುತ್ತ ಉದುರಿಸಿದ್ಳು. ಒಂದು ಹನಿ ಬಂದ್ರೂ ಪುಡಿ ಗಂಟಾಗಿ ಹೇಳ್ಬಿಡುತ್ತೆ. ಮೂವರೂ ನೋಡ್ಕೊಂಡು ನಿಂತ್ರು. ಚಿರಂಜೀವಿ ಬೇಲಿ ಕಂಬ ಹತ್ತಿ ನೋಡ್ದ. ಉಸಿರು ಬಿಟ್ರೆ ಪುಡಿ ಹಾರುತ್ತೆ ಅಂತ ಮುನಿಶಾಮಪ್ಪ ಹದಿನೈದು ನಿಮಿಷ ಉಸಿರೇ ಬಿಡ್ಲಿಲ್ಲವಂತೆ. ಒಂದು ಗಂಟೆ ಆದ್ಮೇಲೆ ಶೋಭಾರಾಣಿ ಬೆರಳಲ್ಲಿ ಮುಟ್ಟಿದ್ಳು. ಪುಡಿ ಹಿಟ್ಟಿನ ಥರ ಉದುರ್ತು. ಒಣಾ ಒಣಾ.

"ಬೆವರ್ತಿಲ್ಲ," ಅಂದ ಮುನಿಶಾಮಪ್ಪ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರಲ್ಲ.

ಕಿಟಕಿ ಎಲ್ಲಾ ತೆಗೆದು, ಥಂಡಿ ಹಿಡಿದ ಗೋಡೆಗೆ ಫ್ಯಾನ್ ಇಟ್ರು. ಕೆಳಗಿನ ಅಂತಸ್ತಿನ ಹುಳಾನೆಲ್ಲಾ ಮೇಲಕ್ಕೆ ಏರಿಸಿದ್ರು. ಆ ರಾತ್ರಿ ಶೋಭಾರಾಣಿಗೆ ಮೊರದಲ್ಲಿ ಬೇರೆ ಇಟ್ಟಿದ್ದ ಆ ಒಂದು ಹುಳದ್ದೇ ಯೋಚನೆ. ಬೆಳಗ್ಗೆ ಎದ್ದು ಓಡಿಹೋಗಿ ನೋಡಿದ್ರೆ, ಅದು ಹಳೇ ಪೊರೆ ಬಿಚ್ಚಿಟ್ಟು, ಹೊಸ ಅಂಗಿ ಹಾಕ್ಕೊಂಡು, ಮೊರದ ಅಂಚು ಕಡೀತಾ ಸೊಪ್ಪು ಎಲ್ಲಿ ಅಂತ ಹುಡುಕ್ತಿತ್ತು. ರೋಗ ಗೀಗ ಏನೂ ಅಲ್ಲ. ಎಲ್ಲಾ ಎದ್ದು ಮೂರು ದಿನ ಆದ್ಮೇಲೆ ಜ್ವರದಿಂದ ಎದ್ದ ಸೋಮಾರಿ ಅದು. ಅವಳು ಒಬ್ಬಳೇ ನಕ್ಕು ನಕ್ಕು, ಎಳೇ ಎಲೆ ಆರಿಸಿ ಅದಕ್ಕೆ ಹಾಕಿದ್ಳು.

ಐದನೇ ದಿನ ಹುಳ ಹಣ್ಣಾದ್ವು. ಮೈ ಎಲ್ಲಾ ದ್ರಾಕ್ಷಿ ಥರ ಹೊಳೀತಾ, ತಲೆ ಆಡಿಸ್ತಾ, ಹತ್ತೋಕೆ ಜಾಗ ಹುಡುಕೋಕೆ ಶುರು ಮಾಡಿದ್ವು. ಗೂಡು ಕಟ್ಟೋಕೆ ಅಂತ ಇರೋ ಬಿದಿರಿನ ತಟ್ಟೆ, ಚಂದ್ರಿಕೆ, ಸಾಲಾಗಿ ನಿಲ್ಲಿಸಿ ಶೋಭಾರಾಣಿ ಒಂದೊಂದೇ ಬಿಡ್ತಿದ್ಳು. ಕೈ ಎರಡೇ, ಹುಳ ಸಾವಿರಾರು. ಬೆವರು ಒರೆಸ್ಕೊಳ್ಳೋಕೂ ಪುರುಸೊತ್ತಿಲ್ಲ.

ಹೊರಗೆ ನೀರಿನ ಸದ್ದಾಯ್ತು. ಬಗ್ಗಿ ನೋಡಿದ್ರೆ, ವರಲಕ್ಷ್ಮಮ್ಮ ನಲ್ಲಿ ಹತ್ರ ನಿಂತಿದ್ಳು. ಬಾಯಿ ಎಡಗಡೆ ಇರೋದ್ರಿಂದ ಮುಂದೆ ನಿಂತ್ರೆ ನೀರು ಸಿಗಲ್ಲ. ಅವಳು ಅರ್ಧ ಸುತ್ತು ಬಳಸಿ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಮುಂದಕ್ಕೆ ಚಾಚಿ ತೊಳ್ಕೊಂಡ್ಳು. ಕೈ ತೊಳ್ಕೊಂಡ್ಳು. ನಲ್ಲಿ ನಿಲ್ಲಿಸಿ, ಕತ್ತಿನ ಹತ್ರ ಬೆರಳಿಟ್ಟು ಒಣಗಿದೆಯಾ ಅಂತ ಮುಟ್ಟಿ ನೋಡಿದ್ಳು. ಆಮೇಲೆ ಮೂರು ವರ್ಷದಿಂದ ತುಳೀದೇ ಇದ್ದ ಹೊಸಿಲು ದಾಟಿ ಒಳಗೆ ಬಂದು, ಏನೂ ಆಗ್ಲೇ ಇಲ್ವೇನೋ ಅನ್ನೋ ಥರ ಒಂದು ಮಂಕರಿ ಮುಂದಕ್ಕೆ ಎಳ್ಕೊಂಡ್ಳು.

"ಇಷ್ಟು ಒತ್ತೊತ್ತಾಗಿ ಬಿಡ್ತಾರೇನೇ? ಎರಡೆರಡು ಸೇರಿ ಒಂದೇ ಗೂಡು ಕಟ್ತಾವೆ. ಸರಿ ಆ ಕಡೆ."

ಶೋಭಾರಾಣಿ ಸರಿದ್ಳು. ಕಣ್ಣು ಒರೆಸ್ಕೊಳ್ಳೋಕೂ ಕೈ ಖಾಲಿ ಇರ್ಲಿಲ್ಲ.

ಗೂಡು ಬಿಡಿಸೋ ದಿನ ಕುರಿ ಮಾರೋನು ಟಗರು ಹಿಡ್ಕೊಂಡೇ ಬಂದ. ಅವನನ್ನ ಬೇಲಿ ಹತ್ರ ನಿಲ್ಲಿಸಿ ಮುನಿಶಾಮಪ್ಪ ಮಜ್ಜಿಗೆ ಕೊಟ್ಟ. "ಜಾಗ ಇಲ್ಲಪ್ಪ. ಅದು ನನ್ನ ಸೊಸೆ ಹುಳು ಮನೆ. ನಾನು ಆ ಕಡೆ ತಲೆ ಹಾಕಂಗಿಲ್ಲ," ಅಂದ. ಟಗರು ಸೊಟ್ಟ ನಲ್ಲೀನ ಸ್ವಲ್ಪ ಹೊತ್ತು ನೋಡಿ, ಇದು ನಮಗೆ ಆಗಿಬರಲ್ಲ ಅಂತ ತಾನೇ ಮುಂದಾಗಿ ಹೊರಡ್ತು.

ಮಧ್ಯಾಹ್ನ ಮೂವರೂ ಜಗುಲಿ ಮೇಲೆ ಕೂತು ಗೂಡು ಆರಿಸ್ತಿದ್ರು. ಬೆಳ್ಳಗೆ, ಗಟ್ಟಿಯಾಗಿ, ಕಿವಿ ಹತ್ರ ಆಡಿಸಿದ್ರೆ ಟಕ್ ಟಕ್ ಅಂತಿದ್ವು. ವರಲಕ್ಷ್ಮಮ್ಮ ಒಂದು ಗೂಡನ್ನ ಬೆಳಕಿಗೆ ಹಿಡಿದು ನೋಡ್ತಾ ಕೇಳಿದ್ಳು, "ಮುಂದಿನ ಚಾಕಿ ಯಾವತ್ತು ತರ್ತೀಯೆ?"

ಶೋಭಾರಾಣಿ ಬಾಯಿ ತೆಗೆಯೋ ಮುಂಚೆ ಹೊರಗೆ ಅಂಗಳದ ರಾಗಿ ಮೇಲೆ ಚಟಪಟ ಚಟಪಟ ಅಂತ ಸದ್ದು ಶುರುವಾಯ್ತು.

"ರೀ, ರಾಗಿ ಎತ್ತಿಡಿ!" ಅಂದ್ಳು ವರಲಕ್ಷ್ಮಮ್ಮ.

ಮುನಿಶಾಮಪ್ಪ ಕೂತಲ್ಲಿಂದ ಏಳ್ಲಿಲ್ಲ. ಎರಡು ಸಲ ಮೋಸ ಹೋದ ಮನುಷ್ಯ. "ಸುಮ್ನಿರೇ," ಅಂದ. "ಹುಳ ಮೇಯ್ತಿದಾವೆ."